ಗೋಡೆಯ ಮೇಲೆ ಒಂದೇ ಮಾತು

ಗ್ರಾಮಸಭೆಯಿರಲಿ, ಸಹಕಾರಿ ಸಂಘದ ಮಹಾಸಭೆಯಿರಲಿ, ಹೈಸ್ಕೂಲಿನ ಪಾಠವಿರಲಿ, ಬೈಂದೂರು ತಾಲೂಕಿನ ಉಪ್ಪುಂದದಂಥ ಊರಿಗೂ ಈಗ ಪ್ರೊಜೆಕ್ಟರ್ ಹೊಸತಲ್ಲ. ಆದರೆ ಹೆಚ್ಚಿನ ಕಡೆ ಸ್ಲೈಡ್ ಎಂದರೆ ಭಾಷಣದ ನಕಲು. ಮೇಲಿನಿಂದ ಕೆಳತನಕ ಚುಕ್ಕಿಯಿಟ್ಟ ಸಾಲುಗಳು, ಅವನ್ನೇ ಗಟ್ಟಿಯಾಗಿ ಓದುವ ಭಾಷಣಕಾರರು, ಅವರಿಗಿಂತ ಮೊದಲೇ ಓದಿ ಮುಗಿಸಿ ಮೊಬೈಲ್ ತೆಗೆಯುವ ಸಭಿಕರು. ಸ್ಲೈಡಿನ ವಿನ್ಯಾಸ ಬರೀ ಅಲಂಕಾರದ ವಿಷಯವೆಂದು ನಾವು ತಿಳಿದಿರುವುದರಿಂದಲೇ ಹೀಗಾಗುತ್ತದೆ. ವಿನ್ಯಾಸವೆಂದರೆ ಯಾವುದು ಮುಖ್ಯ, ಯಾವುದು ಅಲ್ಲ ಎಂಬ ತೀರ್ಮಾನ. ಆ ತೀರ್ಮಾನವನ್ನು ಹೇಳುವವರು ಮಾಡದಿದ್ದರೆ ಅದರ ಭಾರ ಕೇಳುವವರ ತಲೆಗೆ ಬೀಳುತ್ತದೆ.

ಆ ಭಾರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 2003ರ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತವೇ ಸಾಕ್ಷಿ. ಜನವರಿ 16ರಂದು ನೌಕೆ ಮೇಲೇರುವಾಗ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿರುವಾಗಲೇ ಎಂಜಿನಿಯರುಗಳು ಅಪಾಯವನ್ನು ಲೆಕ್ಕಹಾಕಿ ಸ್ಲೈಡುಗಳಲ್ಲಿ ವಿವರಿಸಿದರು. ಒಂದು ಸ್ಲೈಡಿನ ಶೀರ್ಷಿಕೆ ಓದಿದರೆ ಭಯಪಡಬೇಕಾದ್ದಿಲ್ಲ ಎಂಬ ಭಾವನೆ ಬರುವಂತಿತ್ತು. ಆದರೆ ಪರೀಕ್ಷೆಗೆ ಬಳಸಿದ್ದು 3 ಘನ ಇಂಚಿನ ತುಂಡು, ನಿಜಕ್ಕೂ ಬಡಿದದ್ದು ಅವರ ಅಂದಾಜಿನಂತೆ 1,920 ಘನ ಇಂಚಿನದು ಎಂಬ ಸಂಗತಿ ಅದೇ ಸ್ಲೈಡಿನ ತೀರಾ ಕೆಳಗೆ, ಸಣ್ಣ ಅಕ್ಷರದ ಉಪ-ಉಪಸಾಲಿನಲ್ಲಿ ಅಡಗಿತ್ತು. ಆರುನೂರು ಪಟ್ಟಿಗೂ ಮೀರಿದ ವ್ಯತ್ಯಾಸ! ಫೆಬ್ರವರಿ 1ರಂದು ವಾತಾವರಣಕ್ಕೆ ಮರಳುವಾಗ ನೌಕೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ದುರಂತಕ್ಕೆ ಸ್ಲೈಡೊಂದೇ ಕಾರಣವೆನ್ನುವುದು ತಪ್ಪಾದೀತು. ಆದರೆ ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಆ ಸ್ಲೈಡನ್ನು ಬಿಡಿಸಿ ತೋರಿಸಿದ್ದನ್ನು ತನಿಖಾ ಮಂಡಳಿ ತನ್ನ ವರದಿಯಲ್ಲಿ ಸೇರಿಸಿಕೊಂಡಿತು. ಹೇಳಬೇಕಾದದ್ದು ಸ್ಲೈಡಿನಲ್ಲಿತ್ತು, ಕಾಣುವಂತಿರಲಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗೆ ಮುಖ್ಯವಾದದ್ದನ್ನು ಎದ್ದು ಕಾಣಿಸುವ ಈ ವಿವೇಕ ಹೊರಗಿನಿಂದ ಬರಬೇಕಾಗಿಲ್ಲ. ಬಡಗುತಿಟ್ಟಿನ ಯಕ್ಷಗಾನ ಬಯಲಾಟದ ರಂಗಸ್ಥಳದಲ್ಲಿ ಕಾಡು, ಅರಮನೆಗಳ ಚಿತ್ರಪರದೆ ಇರುವುದಿಲ್ಲ. ಕೂರಲೊಂದು ರಥ ಬಿಟ್ಟರೆ ಜಾಗ ಖಾಲಿ. ಆ ಖಾಲಿಯಿಂದಲೇ ವೇಷ ಎದ್ದು ಕಾಣುತ್ತದೆ. ಒಡ್ಡೋಲಗದಲ್ಲಿ ಪಾತ್ರ ಒಮ್ಮೆಲೇ ಎದುರಾಗದೆ ತೆರೆಯ ಹಿಂದಿನಿಂದ ಹಂತಹಂತವಾಗಿ ಕಾಣಿಸಿಕೊಳ್ಳುತ್ತದೆ. ಭಾಗವತರು ಪದ್ಯ ಹಾಡುವಾಗ ಅದನ್ನು ಹಲಗೆಯ ಮೇಲೆ ಬರೆದು ಯಾರೂ ಹಿಡಿಯುವುದಿಲ್ಲ. ಕಿವಿಗೆ ಪದ್ಯ, ಕಣ್ಣಿಗೆ ಕುಣಿತ. ಕೋಟದ ಶಿವರಾಮ ಕಾರಂತರು 1957ರ ‘ಯಕ್ಷಗಾನ ಬಯಲಾಟ’ದ ಕಾಲದಿಂದಲೂ ವೇಷಭೂಷಣ, ಬಣ್ಣಗಳ ಔಚಿತ್ಯದ ಬಗ್ಗೆ ಅಷ್ಟೊಂದು ಯೋಚಿಸಿದ್ದು ಸುಮ್ಮನೆ ಅಲ್ಲ. ಇನ್ನು ತಾಳಮದ್ದಳೆಯಲ್ಲಂತೂ ನೋಡಲು ಏನೂ ಇಲ್ಲ, ಆದರೂ ಇಡೀ ರಾತ್ರಿ ಜನ ಕೂರುತ್ತಾರೆ. ಮಾತು ಗಟ್ಟಿಯಿದ್ದರೆ ಸ್ಲೈಡೇ ಬೇಡ ಎಂಬುದಕ್ಕೆ ಬೇರೆ ಪುರಾವೆ ಬೇಕೆ? ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗಗಳಿಂದ ಕಂಡುಕೊಂಡದ್ದೂ ಕಿವಿಗೊಂದು, ಕಣ್ಣಿಗೊಂದು ಎಂಬ ಈ ಹಂಚಿಕೆಯ ಗುಣವನ್ನೇ. ಚಿತ್ರದ ಜೊತೆ ವಿವರಣೆ ಕೇಳಿಸಿಕೊಂಡವರು, ಅದೇ ವಿವರಣೆಯನ್ನು ಪರದೆಯ ಮೇಲೂ ಓದಬೇಕಾದವರಿಗಿಂತ ಚೆನ್ನಾಗಿ ಕಲಿತರು.

ಕಡಲ ಕರೆಯದೇ ಒಂದು ಉದಾಹರಣೆ ನೋಡೋಣ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಕಡಲಿಗಿಳಿಯುವುದು ನಾಡದೋಣಿಗಳು. ಹಾಗಾಗಿ ಅಲೆಯ ಮುನ್ಸೂಚನೆ ಉಪ್ಪುಂದದ ಮೀನುಗಾರರಿಗೆ ಜೀವದ ಪ್ರಶ್ನೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮುನ್ಸೂಚನೆಯನ್ನು ಸಭೆಯಲ್ಲಿ ತೋರಿಸಬೇಕಾಗಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ತಯಾರಾಗುವ ಸ್ಲೈಡ್ ಹೀಗಿರುತ್ತದೆ: ‘ಸಾಗರ ಸ್ಥಿತಿ ಮುನ್ಸೂಚನೆ’ ಎಂಬ ತಲೆಬರಹ, ನಾಲ್ಕು ಮೂಲೆಗೆ ನಾಲ್ಕು ಲಾಂಛನ, ಹಿಂದೆ ಮಸುಕಾದ ದೋಣಿಯ ಫೋಟೊ, ಅದರ ಮೇಲೆ ದಿನಾಂಕ, ಅಲೆಯ ಎತ್ತರ, ಗಾಳಿಯ ವೇಗ, ದಿಕ್ಕುಗಳ ದೊಡ್ಡ ಕೋಷ್ಟಕ. ಇದನ್ನೇ ಬದಲಿಸಿ, ‘ಗುರುವಾರ ಮಧ್ಯಾಹ್ನದವರೆಗೆ ಕಡಲಿಗೆ ಇಳಿಯಬೇಡಿ’ ಎಂದು ಪೂರ್ಣ ವಾಕ್ಯವನ್ನೇ ತಲೆಬರಹ ಮಾಡಿ. ಕೆಳಗೆ ದಿನಕ್ಕೊಂದರಂತೆ ನಾಲ್ಕು ಕಂಬ. ಅಪಾಯದ ದಿನದ್ದು ಮಾತ್ರ ಕಡುಗೆಂಪು, ಉಳಿದವು ಬೂದು. ಕಂಬದ ತಲೆಯ ಮೇಲೆ ಅಲೆಯ ಎತ್ತರ. ಲಾಂಛನ, ಫೋಟೊ ತೆಗೆದುಹಾಕಿ. ಗಾಳಿಯ ವಿವರ ಕೇಳಿದರೆ ಬಾಯಲ್ಲಿ ಹೇಳಿ. ಹಿಂದಿನ ಸಾಲಿನಲ್ಲಿ ಕುಳಿತ, ಕನ್ನಡಕ ಮನೆಯಲ್ಲೇ ಬಿಟ್ಟುಬಂದ ಹಿರಿಯರಿಗೂ ಇದು ತಿಳಿಯುತ್ತದೆ.

ಬಣ್ಣ, ಅಕ್ಷರಗಳ ವಿಷಯದಲ್ಲಿ ಇಂಗ್ಲಿಷಿನ ಪುಸ್ತಕಗಳ ನಿಯಮ ನಮಗೆ ಪೂರ್ತಿ ಒಗ್ಗುವುದಿಲ್ಲ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಗುಣಿತದ ಗುರುತು ಮೇಲೇರುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ತೀರಾ ದಪ್ಪ ಅಕ್ಷರದಲ್ಲಿ ಒತ್ತುಗಳೊಳಗಿನ ಸಂದು ಮುಚ್ಚಿಹೋಗುತ್ತದೆ. ಎತ್ತಿ ಹೇಳಲು ದೊಡ್ಡಕ್ಷರ, ಚಿಕ್ಕಕ್ಷರದ ಭೇದ ನಮ್ಮಲ್ಲಿಲ್ಲ, ಹಾಗಾಗಿ ಗಾತ್ರ ಮತ್ತು ಬಣ್ಣವನ್ನೇ ನೆಚ್ಚಬೇಕು. ಪ್ರೊಜೆಕ್ಟರಿಗೆ ಕಪ್ಪನ್ನು ಬೀರುವ ಶಕ್ತಿಯಿಲ್ಲ; ಬೆಳಕು ಬೀಳದ ಗೋಡೆಯೇ ಅದರ ಕಪ್ಪು. ಕಿಟಕಿ ತೆರೆದ ಸಭಾಭವನದಲ್ಲಿ ಗಾಢ ಹಿನ್ನೆಲೆ ಬೂದುಬಣ್ಣಕ್ಕೆ ತಿರುಗುವುದು ಇದರಿಂದಲೇ. ಅಲ್ಲಿ ಬಿಳಿಯ ಮೇಲೆ ಕಡುಬಣ್ಣದ ಅಕ್ಷರ ವಾಸಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿಬಿಡುತ್ತದೆ. ಯೂನಿಕೋಡಿನಲ್ಲಿ ಬರೆದು, ಪಿಡಿಎಫ್ ಪ್ರತಿಯೊಂದನ್ನೂ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಇಷ್ಟು ಕಡಿಮೆ ಬರೆದರೆ ಸಭೆಗೆ ಬಾರದವರಿಗೆ ಏನು ಗತಿ, ಮೇಲಧಿಕಾರಿಗಳು ಎಲ್ಲ ಅಂಕಿಅಂಶ ಕೇಳುತ್ತಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಕಾಗದ. ಕೋಷ್ಟಕ, ನಿಯಮ, ಫೋನ್ ನಂಬರುಗಳನ್ನು ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಹಂಚಿದರೆ ಜನ ಮನೆಗೆ ಒಯ್ದು ನಿಧಾನವಾಗಿ ಓದುತ್ತಾರೆ. ಕಿವಿ ಮಂದವಾದವರಿಗೆ, ಹೊಸ ಪಾರಿಭಾಷಿಕ ಪದ ಕೇಳುವವರಿಗೆ ಬರಹ ಬೇಕೇ ಬೇಕು ಎಂಬ ಇನ್ನೊಂದು ಮಾತನ್ನು ಒಪ್ಪಲೇಬೇಕು. ಹೆಸರು, ಅಂಕಿ, ಹೊಸ ಪದಗಳು ಪರದೆಯ ಮೇಲೆ ದೊಡ್ಡದಾಗಿಯೇ ಇರಲಿ. ಸ್ಲೈಡಿಲ್ಲದೆ ಮಾತು ಮರೆಯುತ್ತದೆ ಎನ್ನುವವರಿಗೆ ಕೈಯಲ್ಲೊಂದು ಚೀಟಿ ಸಾಕು. ಅವರ ಜ್ಞಾಪಕದ ಪಟ್ಟಿಯನ್ನು ನೂರು ಜನ ಓದಬೇಕಾಗಿಲ್ಲ. ಮುಂದಿನ ಸಭೆಗೆ ಸ್ಲೈಡ್ ಮಾಡುವ ಶಿಕ್ಷಕರು, ಕಾರ್ಯದರ್ಶಿಗಳು, ಅಧಿಕಾರಿಗಳಲ್ಲಿ ಒಂದು ವಿನಂತಿ: ಸಭೆ ಶುರುವಾಗುವ ಮೊದಲು ಕೊನೆಯ ಬೆಂಚಿನಲ್ಲಿ ಕುಳಿತು ನಿಮ್ಮ ಸ್ಲೈಡನ್ನು ನೀವೇ ಓದಿ, ಕಣ್ಣಿಗೆ ಸಿಗದ ಸಾಲನ್ನು ಅಲ್ಲೇ ಅಳಿಸಿಬಿಡಿ.