ಶಕ್ತಿ ಕಮ್ಮಿಯಾಗಿ ಬಂದ ಕಾಯಿಲೆಯಲ್ಲ

ಕೈಲಾಂಚ ಹೋಬಳಿಯಲ್ಲಿ ಹಿಪ್ಪುನೇರಳೆ ತೋಟ ಇಲ್ಲದ ಊರು ಅಪರೂಪ. ತೋಟದ ಬೇಲಿಯಲ್ಲೋ ಬೇವಿನ ಮರದ ಮೇಲೋ ಅಮೃತಬಳ್ಳಿ ಹಬ್ಬಿರುವುದೂ ಅಷ್ಟೇ ಸಾಮಾನ್ಯ. ಮನೆಯಲ್ಲಿ ಒಬ್ಬರಿಗೆ ಮೊದಲು ಥೈರಾಯ್ಡ್, ಆಮೇಲೆ ಕೀಲು ಊತ, ಅದರ ಹಿಂದೆಯೇ ಚರ್ಮದ ಮೇಲೆ ಬಿಳಿ ಮಚ್ಚೆ ಎಂದು ಒಂದರ ಬೆನ್ನಿಗೊಂದು ಕಾಯಿಲೆ ಶುರುವಾದರೆ ಗಂಡನೋ ಮಗನೋ ರಾಮನಗರ, ಬೆಂಗಳೂರು ಎಂದು ಅಲೆದು ಅಲೆದು ಸುಸ್ತಾಗುತ್ತಾನೆ. ಕೊನೆಗೆ ಆ ಬೇಲಿಯ ಕಡೆ ನೋಡುತ್ತಾನೆ. "ಇದಕ್ಕೆ ನಾಟಿ ಔಷಧಿ ಏನಾದ್ರೂ ಐತಾ?"

ಕೇಳಿದ್ದರಲ್ಲಿ ತಪ್ಪೇನಿಲ್ಲ, ತೊಡಕಿರುವುದು ಸಿಗುವ ಉತ್ತರಗಳಲ್ಲಿ. ಆ ಉತ್ತರಗಳು ಪಕ್ಕದ ಮನೆಯಿಂದ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕ ಪರಿಚಯದವರಿಂದ, ಮೊಬೈಲಿನಿಂದ ಬರುತ್ತವೆ.

"ಮೈಯಲ್ಲಿ ಶಕ್ತಿ ಕಮ್ಮಿ ಆಗೈತೆ, ಇಮ್ಯುನಿಟಿ ಹೆಚ್ಚಿಸ್ಬೇಕು"

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ಹಾನಿ ಮಾಡುವುದರಲ್ಲೂ ಇದೇ ಮೊದಲು. ರುಮಟಾಯ್ಡ್ ಸಂಧಿವಾತ, ಹಾಶಿಮೊಟೊ ಥೈರಾಯ್ಡ್, ಲೂಪಸ್, ತೊನ್ನು, ಸೋರಿಯಾಸಿಸ್, ಟೈಪ್ 1 ಮಧುಮೇಹ, ಇವು ಯಾವುವೂ ರೋಗನಿರೋಧಕ ಶಕ್ತಿ ಕುಂದಿ ಬಂದವಲ್ಲ. ಆ ಶಕ್ತಿ ದಾರಿ ತಪ್ಪಿ ಸ್ವಂತ ದೇಹದ ಮೇಲೆ ತಿರುಗಿಬಿದ್ದಾಗ ಬರುವ ಆಟೋಇಮ್ಯೂನ್ ಕಾಯಿಲೆಗಳು. ಕಾವಲುಗಾರನೇ ಮನೆಯವರನ್ನು ಬಡಿಯುತ್ತಿದ್ದರೆ ಅವನ ಕೈಗೆ ಇನ್ನೊಂದು ದಪ್ಪ ದೊಣ್ಣೆ ಕೊಡುವವರುಂಟೇ? ಈ ಕಾವಲುಗಾರನನ್ನು ಹದ್ದಿನಲ್ಲಿಡುವ ಜೀವಕೋಶಗಳೂ ನಮ್ಮ ರಕ್ತದಲ್ಲಿವೆ. ಅವನ್ನು ರೆಗ್ಯುಲೇಟರಿ ಟಿ ಕೋಶಗಳು ಎನ್ನುತ್ತಾರೆ. ಅವುಗಳ ಕೆಲಸವನ್ನು ಬಿಡಿಸಿ ತೋರಿಸಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಅಂದರೆ ವಿಜ್ಞಾನ ಇಲ್ಲಿ ಹುಡುಕುತ್ತಿರುವುದು ಕಡಿವಾಣವನ್ನು. ಚಾಟಿಯನ್ನಲ್ಲ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಗೂ ಬಂತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿ ಲಿವರ್‌ಗೆ ಪೆಟ್ಟಾದ ಆರು ಮಂದಿಯ ವರದಿ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಇಂಥ 43 ಪ್ರಕರಣಗಳ ವರದಿ ಬಂತು. ಲಿವರ್‌ನ ಪರೀಕ್ಷೆಯಲ್ಲಿ ಕಂಡದ್ದು ಆಟೋಇಮ್ಯೂನ್ ಹೆಪಟೈಟಿಸ್‌ನಂಥದೇ ಚಿತ್ರ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯಂತೆಯೇ ಕಾಣುವ ಬೇರೆ ಬಳ್ಳಿಯನ್ನು ತಿಂದಿರಬಹುದು ಎಂದಿತು. ಇರಬಹುದು. ಆದರೆ ಬೇಲಿಯಿಂದ ಕಿತ್ತು ತರುವವರಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ? ಆಟೋಇಮ್ಯೂನ್ ಕಾಯಿಲೆ ಇರುವವರಿಗೆ ಅಮೃತಬಳ್ಳಿ ಬೇಡ ಎಂದೇ ನಾನು ಹೇಳುತ್ತೇನೆ. ಅಶ್ವಗಂಧದ ಮಾತೂ ಹೆಚ್ಚುಕಡಿಮೆ ಅದೇ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅದನ್ನು ಸೇವಿಸಿ ಲಿವರ್ ಕೆಟ್ಟ ವರದಿಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು.

"ಇಂಗ್ಲಿಷ್ ಮಾತ್ರೆ ತಿಂದೂ ತಿಂದೂ ಇನ್ನೊಂದು ಕಾಯಿಲೆ ಬಂತು"

ಥೈರಾಯ್ಡ್ ಮಾತ್ರೆ ಶುರು ಮಾಡಿ ನಾಲ್ಕು ವರ್ಷಕ್ಕೆ ಕೀಲು ಊದಿಕೊಂಡರೆ ಹೀಗೆ ಅನಿಸುವುದು ಸಹಜ. ಆದರೆ ಎರಡಕ್ಕೂ ಮೂಲ ಒಂದೇ ಕಡೆ, ದಾರಿ ತಪ್ಪಿದ ಆ ಶಕ್ತಿಯಲ್ಲೇ ಇದೆ. ಅಡ್ರಿನಲ್ ಗ್ರಂಥಿ ಮತ್ತು ಥೈರಾಯ್ಡ್ ಎರಡೂ ಒಬ್ಬರಲ್ಲೇ ಹಾಳಾಗಿದ್ದನ್ನು ಶ್ಮಿಟ್ ಎಂಬ ವೈದ್ಯರು 1926ರಲ್ಲೇ ಬರೆದಿಟ್ಟಿದ್ದಾರೆ. ಮೂರು ಅಥವಾ ಹೆಚ್ಚು ಇಂಥ ಕಾಯಿಲೆ ಒಬ್ಬರಲ್ಲೇ ಕೂಡಿದ್ದರೆ ಅದಕ್ಕೆ ವೈದ್ಯರಲ್ಲಿ ಬೇರೆ ಹೆಸರೇ ಇದೆ, ಮಲ್ಟಿಪಲ್ ಆಟೋಇಮ್ಯೂನ್ ಸಿಂಡ್ರೋಮ್. ಬ್ರಿಟನ್ನಿನಲ್ಲಿ 2.2 ಕೋಟಿ ಜನರ ದಾಖಲೆ ನೋಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರರಲ್ಲಿ ಹತ್ತು ಮಂದಿಗೆ ಏನಾದರೊಂದು ಆಟೋಇಮ್ಯೂನ್ ಕಾಯಿಲೆ ಇತ್ತು. ಹೆಂಗಸರಲ್ಲಿ ನೂರಕ್ಕೆ 13, ಗಂಡಸರಲ್ಲಿ 7. ಒಂದು ಇದ್ದವರಿಗೆ ಇನ್ನೊಂದು ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಯಾರೂ ಮಾಡಿದ ಪಾಪವಲ್ಲ, ನಾಗದೋಷವೂ ಅಲ್ಲ. ತೊನ್ನು ಮುಟ್ಟಿದರೆ ಅಂಟುವುದೂ ಇಲ್ಲ, ಹಾಲು ಮೀನು ಒಟ್ಟಿಗೆ ತಿಂದರೆ ಬರುವುದೂ ಇಲ್ಲ.

ನಮ್ಮ ಕಡೆ ಇನ್ನೊಂದು ಎಡವಟ್ಟಿದೆ. ರೇಷ್ಮೆ ನೂಲು ಬಿಚ್ಚುವ ಹೆಂಗಸರು ದಿನವಿಡೀ ಬಿಸಿನೀರಿನಲ್ಲಿ ಬೆರಳಾಡಿಸುತ್ತಾರೆ. ಬೆರಳು ಊದಿದರೆ "ಕೆಲಸದ ನೋವು" ಎಂದು ವರ್ಷಗಟ್ಟಲೆ ಎಣ್ಣೆ ತಿಕ್ಕುತ್ತಾರೆ. ಕೆಲಸದಿಂದ ಬಂದ ನೋವು ಸಾಮಾನ್ಯವಾಗಿ ಸಂಜೆಗೆ ಏರುತ್ತದೆ, ಮಲಗಿ ಎದ್ದರೆ ಇಳಿಯುತ್ತದೆ. ರುಮಟಾಯ್ಡ್ ಅದರ ತಿರುವುಮುರುವು. ಬೆಳಿಗ್ಗೆ ಎದ್ದಾಗಲೇ ಎರಡೂ ಕೈಯ ಬೆರಳು ಬಿಗಿದಿರುತ್ತವೆ, ಅರ್ಧ ಗಂಟೆ ಒಂದು ಗಂಟೆಯಾದರೂ ಮುಷ್ಟಿ ಕಟ್ಟಲಾಗುವುದಿಲ್ಲ. ಆರು ವಾರ ಹೀಗೇ ಇದ್ದರೆ ಎಣ್ಣೆ ಬದಿಗಿಟ್ಟು ರಕ್ತಪರೀಕ್ಷೆ ಮಾಡಿಸಬೇಕು. ಕೀಲಿನ ಮೂಳೆ ಒಮ್ಮೆ ಸವೆದರೆ ಯಾವ ಔಷಧಿಯೂ ಅದನ್ನು ಮತ್ತೆ ಕಟ್ಟಿಕೊಡುವುದಿಲ್ಲ.

"ಆ ಪಂಡಿತರ ಕಷಾಯ ಕುಡಿದು ವಾಸಿಯಾದವರನ್ನ ಕಣ್ಣಾರೆ ಕಂಡಿದೀನಿ"

ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದೇನೋ ನಿಜ, ಅದಕ್ಕೆ ಹಚ್ಚಿದ ಕಾರಣ ಬೇರೆ. ಈ ಕಾಯಿಲೆಗಳು ಬಹುಪಾಲು ಏರಿ ಇಳಿಯುವ ಜಾತಿಯವು. ನೋವು ತಾರಕಕ್ಕೇರಿದ ವಾರದಲ್ಲೇ ನಾವು ಹೊಸ ವೈದ್ಯರನ್ನು ಹುಡುಕಿಕೊಂಡು ಹೋಗುವುದು. ಏರಿದ್ದು ಆಮೇಲೆ ತಾನಾಗಿಯೂ ಇಳಿಯುತ್ತದೆ. ಇಳಿದಾಗ ಯಾವ ಪುಡಿ ನುಂಗುತ್ತಿದ್ದೆವೋ ಅದಕ್ಕೆ ಕೀರ್ತಿ.

2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಬಂದಾಗ ಊರಿಗೆ ಊರೇ ಕುಂಟುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ವೈರಸ್ ಬಿಟ್ಟುಹೋಗುವ ಕೀಲುನೋವು ರುಮಟಾಯ್ಡನ್ನೇ ಹೋಲುತ್ತದೆ, ತಿಂಗಳುಗಟ್ಟಲೆ ಇರುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಅಂಥವರ ಪೈಕಿ ಕಷಾಯ ಕುಡಿದವರು ಕಷಾಯದಿಂದ ಎಂದರು, ಹರಕೆ ಹೊತ್ತವರು ದೇವರಿಂದ ಎಂದರು. ಅವರಿಗೆ ಹೋದದ್ದು ಚಿಕೂನ್‌ಗುನ್ಯಾ ನೋವು. ನಿಮ್ಮ ಮನೆಯವರಿಗಿರುವುದು ಅದಲ್ಲ.

ಟೈಪ್ 1 ಮಧುಮೇಹದಲ್ಲಂತೂ ಇಂಥ ತಪ್ಪು ಲೆಕ್ಕ ಪ್ರಾಣಕ್ಕೇ ಬರುತ್ತದೆ. ಮಗುವಿಗೆ ಇನ್ಸುಲಿನ್ ಶುರು ಮಾಡಿದ ಕೆಲವು ವಾರಗಳಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ ಉಳಿದ ಅಷ್ಟಿಷ್ಟು ಕೋಶಗಳು ಚೇತರಿಸಿಕೊಂಡು ಇನ್ಸುಲಿನ್ ತೀರಾ ಕಡಿಮೆ ಸಾಕಾಗುವ ಕಾಲವೊಂದು ಬರುತ್ತದೆ. ವೈದ್ಯರು ಅದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ಕೆಲವು ತಿಂಗಳು ಇದ್ದು ಮುಗಿಯುತ್ತದೆ. ಅದೇ ಹೊತ್ತಿಗೆ ಯಾರಾದರೂ ಹಾಗಲಕಾಯಿ ರಸವನ್ನೋ ಹಿಪ್ಪುನೇರಳೆ ಸೊಪ್ಪಿನ ಕಷಾಯವನ್ನೋ ಕೊಟ್ಟಿದ್ದರೆ ಅದರಿಂದಲೇ ವಾಸಿಯಾಯಿತೆಂದು ಸೂಜಿ ಬಿಡಿಸುವವರಿದ್ದಾರೆ. ಹಿಪ್ಪುನೇರಳೆ ಎಲೆಯಲ್ಲಿ ಸತ್ವ ಇಲ್ಲವೆಂದಲ್ಲ. ಅದರಲ್ಲಿರುವ ಡಿಎನ್‌ಜೆ ಎಂಬ ಅಂಶ ಕರುಳಿನಲ್ಲಿ ಪಿಷ್ಟ ಸಕ್ಕರೆಯಾಗುವುದನ್ನು ನಿಧಾನ ಮಾಡುತ್ತದೆ, ಊಟದ ಮೇಲಿನ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಆದರೆ ಇನ್ಸುಲಿನ್ನೇ ಇಲ್ಲದ ದೇಹಕ್ಕೆ ಅದು ಇನ್ಸುಲಿನ್ ತಂದುಕೊಡುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಈ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಇವತ್ತಿಗೂ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗುತ್ತದೆ.

"ಎರಡೇ ದಿನಕ್ಕೆ ಎದ್ದು ಓಡಾಡ್ದಂಗಾಯ್ತು"

ಮೂರು ವರ್ಷದ ನೋವು ಎರಡು ದಿನದಲ್ಲಿ ಮಾಯವಾದರೆ ಸಂತೋಷಪಡುವ ಮೊದಲು ಅನುಮಾನಪಡಬೇಕು. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದನ್ನು ನಮ್ಮ ದೇಶದ ಪ್ರಯೋಗಾಲಯಗಳೇ ಮತ್ತೆ ಮತ್ತೆ ಪತ್ತೆ ಹಚ್ಚಿವೆ. ಊತ ಇಳಿಯುತ್ತದೆ, ಹಸಿವೆ ಹೆಚ್ಚುತ್ತದೆ, ಮೈಗೆ ಕಳೆ ಬಂದಂತೆ ಕಾಣುತ್ತದೆ. ಕೆಲವು ತಿಂಗಳಿಗೆ ಮುಖ ದುಂಡಗಾಗಿ, ಚರ್ಮ ತೆಳುವಾಗಿ, ಸಕ್ಕರೆ ಬಿಪಿ ಏರಿ, ಮೂಳೆ ಸವೆಯತೊಡಗುತ್ತದೆ. ಅಷ್ಟರೊಳಗೆ ದೇಹ ತಾನು ದಿನಾ ತಯಾರಿಸುತ್ತಿದ್ದ ಕಾರ್ಟಿಸಾಲ್ ಹಾರ್ಮೋನನ್ನು ನಿಲ್ಲಿಸಿಬಿಟ್ಟಿರುತ್ತದೆ. ಹೆದರಿ ಪುಡಿಯನ್ನು ಥಟ್ಟನೆ ಬಿಟ್ಟರೆ ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು. ಆಸ್ಪತ್ರೆಗೆ ಒಯ್ದಾಗ ಪುಡಿಯ ಸಂಗತಿಯನ್ನು ಮನೆಯವರು ಮುಚ್ಚಿಟ್ಟರೆ ವೈದ್ಯರು ಕತ್ತಲಲ್ಲಿ ತಡಕಾಡುತ್ತಾರೆ.

ಹಾಗೆಂದು ಸ್ಟೀರಾಯ್ಡನ್ನು ಭೂತ ಮಾಡಬೇಕಿಲ್ಲ. ಅಳತೆ ಗೊತ್ತಿದ್ದು, ಇಳಿಸುವ ಲೆಕ್ಕ ಗೊತ್ತಿದ್ದು ಕೊಟ್ಟರೆ ಲೂಪಸ್‌ನಲ್ಲಿ ಕಿಡ್ನಿ ಉಳಿಸುವ ಔಷಧಿ ಅದು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಮತ್ತವರ ಸಂಗಡಿಗರು ಸಂಧಿವಾತಕ್ಕೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು, 1950ರಲ್ಲಿ ಅದಕ್ಕೇ ನೊಬೆಲ್ ಪಡೆದರು.

ಕಾರ್ಟಿಸೋನ್ ಅಗ್ಗವಾದದ್ದು ಮೆಕ್ಸಿಕೋದ ಒಂದು ಕಾಡುಗೆಣಸಿನಿಂದ. ಲೂಪಸ್‌ಗೂ ಸಂಧಿವಾತಕ್ಕೂ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ನಿನ ಮೂಲ ಹುಡುಕಿದರೆ ಮಲೇರಿಯಾಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯ ಕ್ವಿನೈನ್ ಸಿಗುತ್ತದೆ. ತೊನ್ನಿಗೆ ನಮ್ಮವರು ಹಚ್ಚುತ್ತಿದ್ದ ಬಾವಂಚಿ ಬೀಜದ ಸೋರಾಲೆನ್, ಬೆಳಕಿನ ಚಿಕಿತ್ಸೆಯ ಜೊತೆ ಚರ್ಮವೈದ್ಯರ ಕೈಗೂ ಬಂದಿದೆ. ಆದ್ದರಿಂದ "ಗಿಡದ್ದು ಒಳ್ಳೇದು, ಕೆಮಿಕಲ್ ಕೆಟ್ಟದ್ದು" ಎಂಬ ಗೆರೆ ನಿಲ್ಲುವುದಿಲ್ಲ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ನಿಂತು ಬೊಬ್ಬೆ ಎಬ್ಬಿಸಿಕೊಂಡವರನ್ನು ಕೇಳಿದರೆ ಗಿಡದ ಔಷಧಿಗೂ ಅಳತೆ ಬೇಕೆಂಬುದು ತಿಳಿಯುತ್ತದೆ.

ಅರಿಶಿನದ ಕತೆ ಬೆಂಗಳೂರಿನದೇ. ಅದರ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಅದು ಮನುಷ್ಯರಲ್ಲಿ ಶೇ. 2000ದಷ್ಟು ಹೆಚ್ಚುತ್ತದೆಂದು 1998ರಲ್ಲಿ ಪ್ರಕಟಿಸಿದರು. ಜಗತ್ತಿನ ಕಂಪನಿಗಳು ಅದನ್ನು ಹಿಡಿದು ಮಾತ್ರೆ ಮಾಡಿದವು. ಈಗ ಅಂಥ ಮಾತ್ರೆ ನುಂಗಿ ಲಿವರ್‌ಗೆ ಪೆಟ್ಟಾದವರ ವರದಿಗಳು ಅಮೆರಿಕದಿಂದ ಬಂದಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಈ ಭಯ ಬೇಡ. ಹೆದರಬೇಕಾದ್ದು ಅದನ್ನು ಗಟ್ಟಿಗೊಳಿಸಿ ತುಂಬಿದ ಡಬ್ಬಿಗೆ, ಅದರಲ್ಲೂ ಲಿವರ್ ಮೇಲೆ ಭಾರ ಹಾಕುವ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟನ್ನು ಮೊದಲೇ ನುಂಗುತ್ತಿರುವವರು. ಭಸ್ಮಗಳ ಬಗ್ಗೆ ಒಂದೇ ಮಾತು: 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಕೊಂಡ 193 ಆಯುರ್ವೇದ ಔಷಧಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು, ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು.

ಆಯುರ್ವೇದವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೊಯಮತ್ತೂರಿನಲ್ಲಿ ರುಮಟಾಯ್ಡ್ ಇದ್ದ 43 ಮಂದಿಯನ್ನು ಮೂರು ಗುಂಪು ಮಾಡಿ, ಆಯುರ್ವೇದ, ಮೆಥೊಟ್ರೆಕ್ಸೇಟ್, ಎರಡೂ ಒಟ್ಟಿಗೆ ಎಂದು ಕೊಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರೂ ಹೆಚ್ಚುಕಡಿಮೆ ಸಮ. ಗುಂಪು ಚಿಕ್ಕದು, ಅದರ ಮೇಲೆ ತೀರ್ಪು ಕೊಡಲಾಗದು. ಆದರೆ ಅಲ್ಲಿ ಔಷಧಿ ಕೊಟ್ಟವರು ಓದಿದ ಆಯುರ್ವೇದ ವೈದ್ಯರು, ರೋಗಿಗಳನ್ನು ಉದ್ದಕ್ಕೂ ಪರೀಕ್ಷಿಸುತ್ತಿದ್ದರು. ಸಂತೆಯಲ್ಲಿ ಸಿಗುವ ಪೊಟ್ಟಣಕ್ಕೆ ಆ ಫಲಿತಾಂಶವನ್ನು ಅಂಟಿಸುವಂತಿಲ್ಲ. ಇನ್ನು ಮಧುಮೇಹ, ಲೂಪಸ್, ತೊನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ.

ಹಾಗಾದರೆ ಮನೆಯವರು ಮಾಡಬಹುದಾದ್ದು ಏನೂ ಇಲ್ಲವೇ? ಇದೆ, ಆದರೆ ಅದರಲ್ಲಿ ಚಮತ್ಕಾರವಿಲ್ಲ. ಬೀಡಿ ಸಿಗರೇಟು ಬಿಡಿಸುವುದು ಮೊದಲನೆಯದು. ಹೊಗೆ ರುಮಟಾಯ್ಡ್ ಬರಿಸುತ್ತದೆ, ಬಂದದ್ದನ್ನು ಕೆರಳಿಸುತ್ತದೆ, ಔಷಧಿ ಹಿಡಿಯದಂತೆ ಮಾಡುತ್ತದೆ. ದೆಹಲಿಯ ಏಮ್ಸ್‌ನಲ್ಲಿ 72 ರುಮಟಾಯ್ಡ್ ರೋಗಿಗಳ ಪೈಕಿ ಒಂದು ಗುಂಪಿಗೆ ಮಾತ್ರೆಯ ಜೊತೆಗೇ ಎಂಟು ವಾರ ಯೋಗ ಮಾಡಿಸಿದಾಗ ಕಾಯಿಲೆಯ ತೀವ್ರತೆಯೂ ಖಿನ್ನತೆಯೂ ಇಳಿದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಯುರ್ವೇದ ಮತ್ತು ಯೋಗವನ್ನು ಆಧುನಿಕ ವೈದ್ಯದ ಜೊತೆಗೆ ಇಟ್ಟುಕೊಂಡ ವಿಭಾಗವೇ ಇದೆ. ವಿಟಮಿನ್ ಡಿ ಬಗ್ಗೆ 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 25,871 ಮಂದಿ ಇದ್ದರು. ಐದು ವರ್ಷ ದಿನಾ 2000 ಯೂನಿಟ್ ತೆಗೆದುಕೊಂಡವರಲ್ಲಿ ಹೊಸದಾಗಿ ಆಟೋಇಮ್ಯೂನ್ ಕಾಯಿಲೆ ಬಂದದ್ದು ಶೇ. 22ರಷ್ಟು ಕಡಿಮೆ. ಅದು ತಡೆಯುವ ಲೆಕ್ಕ, ಬಂದದ್ದು ವಾಸಿಯಾಗುವ ಲೆಕ್ಕವಲ್ಲ.

ಊಟವೇ ಔಷಧಿಯಾಗುವ ಕಾಯಿಲೆಯೂ ಒಂದಿದೆ, ಸೀಲಿಯಾಕ್. ಥೈರಾಯ್ಡ್, ಟೈಪ್ 1 ಮಧುಮೇಹ ಇದ್ದವರಲ್ಲಿ ಇದು ಹೆಚ್ಚು. ಗೋಧಿ, ಬಾರ್ಲಿಯ ಗ್ಲುಟೆನ್ ಕರುಳನ್ನು ಕೆಡಿಸುತ್ತದೆ, ಅದನ್ನು ಪೂರ್ತಿ ಬಿಟ್ಟರೆ ಕರುಳು ಸುಧಾರಿಸುತ್ತದೆ. ಚಪಾತಿ ಬಿಟ್ಟು ಮುದ್ದೆ ತಿನ್ನಿ ಎಂದರೆ ನಮ್ಮ ಸೀಮೆಯಲ್ಲಿ ಯಾರಿಗೂ ಕಷ್ಟವಾಗದು, ರಾಗಿಯಲ್ಲಿ ಗ್ಲುಟೆನ್ ಇಲ್ಲ. ಕಷ್ಟವಿರುವುದು ಮಿಲ್ಲಿನಲ್ಲಿ. ಮುಂಚಿನವರು ಗೋಧಿ ಹಾಕಿಸಿದ ಕಲ್ಲಿಗೇ ನಮ್ಮ ರಾಗಿ ಬಿದ್ದರೆ ಹಿಟ್ಟಿನಲ್ಲಿ ಗೋಧಿ ಸೇರಿಯೇ ಇರುತ್ತದೆ. ಆದರೆ ಸೀಲಿಯಾಕ್ ಇಲ್ಲದ ಥೈರಾಯ್ಡ್ ರೋಗಿಗೆ ಗೋಧಿ ಬಿಡಿಸಿದರೆ ಥೈರಾಯ್ಡ್ ಸರಿಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಥೈರಾಯ್ಡ್‌ಗೆ ಆಗದೆನ್ನುವ ಕೋಸನ್ನೂ ಬೇಯಿಸಿ ತಿಂದರೆ ನಡೆಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ, ಕಾಫಿಗೆ ಅರ್ಧ ಗಂಟೆ ಮೊದಲು ನುಂಗಿ, ಕಬ್ಬಿಣ ಕ್ಯಾಲ್ಸಿಯಂ ಮಾತ್ರೆಯನ್ನು ನಾಲ್ಕು ಗಂಟೆ ಬಿಟ್ಟು ತೆಗೆದುಕೊಂಡರೆ ಎಷ್ಟೋ ಪಥ್ಯಗಳಿಗಿಂತ ಹೆಚ್ಚು ಲಾಭ.

ಮೂರು ಕಾಯಿಲೆಗೆ ಮೂವರು ವೈದ್ಯರು ಇರುವ ಮನೆಗಳಲ್ಲಿ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮಾತ್ರೆ, ಪುಡಿ, ಕಷಾಯ, ಹಚ್ಚುವ ಎಣ್ಣೆ ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದು ಮೂವರಿಗೂ ತೋರಿಸಿ, ಬೈದರೂ ಬೈಯಲಿ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ, ಆದ್ದರಿಂದ ಪಟ್ಟಿಯ ಮೇಲೆಯೇ ವಾರದ ಹೆಸರು ಬರೆದಿಡಬೇಕು. ಬಯಾಲಜಿಕ್ ಎನ್ನುವ ಹೊಸ ಸೂಜಿಮದ್ದು ಶುರು ಮಾಡುವ ಮುಂಚೆ ಕ್ಷಯದ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿದ್ದರೆ ಅದನ್ನು ಮುಚ್ಚಿಡಬಾರದು.

ಎಲ್ಲಕ್ಕಿಂತ ಹೆಚ್ಚು ಮುಚ್ಚಿಡುವುದು ಮದುವೆಯ ಹೊತ್ತಿನಲ್ಲಿ. ಗಂಡಿನ ಕಡೆಯವರಿಗೆ ಗೊತ್ತಾಗಬಾರದೆಂದು ಹುಡುಗಿಯ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ಬದಲಿಗೆ ಯಾರೂ ಪ್ರಶ್ನೆ ಕೇಳದ ಕಷಾಯದ ಸೀಸೆಯೊಂದನ್ನು ಕೊಟ್ಟು ಕಳಿಸುತ್ತಾರೆ. ಗರ್ಭಿಣಿಯಾಗುವುದಕ್ಕೆ ಕೆಲವು ತಿಂಗಳು ಮೊದಲೇ ಮೆಥೊಟ್ರೆಕ್ಸೇಟ್ ನಿಲ್ಲಿಸಬೇಕಾದ್ದು ನಿಜ. ಹೈಡ್ರಾಕ್ಸಿಕ್ಲೋರೋಕ್ವಿನ್ನನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ಲೂಪಸ್‌ನಲ್ಲಿ ನಿಲ್ಲಿಸಿದರೆ ತಾಯಿಗೂ ಮಗುವಿಗೂ ಅಪಾಯ. ಥೈರಾಯ್ಡ್ ಮಾತ್ರೆಯಂತೂ ಬಸುರಿಯಲ್ಲಿ ಹೆಚ್ಚಿಸಬೇಕಾಗುತ್ತದೆ. ಯಾವುದು ಬಿಡಬೇಕು, ಯಾವುದು ಉಳಿಯಬೇಕು ಎಂಬ ಮಾತು ಲಗ್ನಪತ್ರಿಕೆ ಬರೆಸುವ ಮೊದಲೇ ವೈದ್ಯರ ಕೊಠಡಿಯಲ್ಲಿ ಆಗಬೇಕು, ಸಾಧ್ಯವಾದರೆ ಹುಡುಗನೂ ಅಲ್ಲಿರಬೇಕು.