ಟವೆಲ್ಲಿನ ಕೆಳಗಿನ ದರ, ಗೋಲಿನ ಮುಂದಿನ ಆಳು

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ನಮ್ಮ ಜಾತ್ರೆ ಮುಗಿಯುವುದಿಲ್ಲ. ಬಾದಾಮಿಯಿಂದ 5 ಕಿಲೋಮೀಟರ್ ದೂರದ ಚೊಳಚಗುಡ್ಡದ ಬಯಲಿನಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಟ್ಟು ರಾತ್ರಿಯೆಲ್ಲ ಆಡುತ್ತವೆ. ಹಗಲು ದನದ ಜಾತ್ರೆ. ಚಿಕ್ಕಂದಿನಿಂದ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ವ್ಯಾಪಾರ. ಕೊಳ್ಳುವವನ ಕೈ ಮೇಲೆ ಟವೆಲ್ ಬೀಳುತ್ತದೆ, ಅದರ ಕೆಳಗೆ ದಲಾಲಿಯ ಬೆರಳುಗಳು ಅವನ ಬೆರಳುಗಳನ್ನು ಹಿಡಿಯುತ್ತವೆ. ದರ ಬಾಯಿಗೆ ಬರುವುದೇ ಇಲ್ಲ.

"ಯಜಮಾನ್ರ, ಇನ್ನೊಂದ್ ಬೆರಳು ಏರಸ್ರಿ."

"ಇಲ್ಲೋ ತಮ್ಮಾ. ಹಲ್ಲು ನೋಡೇನಿ, ಇಷ್ಟ ನನ್ನ ಮಾತು."

ಪಕ್ಕದಲ್ಲಿ ನಿಂತವನಿಗೆ ಆ ಎತ್ತಿನ ಬೆಲೆ ತಿಳಿಯದು. ಎತ್ತಿಗಂತೂ ತಿಳಿಯುವುದೇ ಇಲ್ಲ.

ಹಾಕಿ ಆಟಗಾರನ ಬೆಲೆಯೂ ಬಹುಕಾಲ ಹೀಗೇ ಟವೆಲ್ಲಿನ ಕೆಳಗಿತ್ತು. ಅದು ಬಯಲಿಗೆ ಬಂದ ಬಗೆಯನ್ನು ನಾನು ಹಲವು ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ಓದಿದಷ್ಟೂ ಒಂದು ಸಂಗತಿ ಗಟ್ಟಿಯಾಗುತ್ತ ಹೋಯಿತು: ಮುಂದೆ ನಿಂತು ಗೋಲು ಹೊಡೆಯುವವನ ಬೆಲೆಯನ್ನು ಹಾಕಿ ಲೋಕ ಬೇಗ ಕಂಡುಕೊಂಡಿತು, ಹಿಂದೆ ನಿಂತು ಗೋಲು ತಡೆಯುವವನ ಬೆಲೆಯನ್ನು ಇನ್ನೂ ಹುಡುಕುತ್ತಲೇ ಇದೆ.

ನಮ್ಮ ದೇಶದಲ್ಲಿ ಹಾಕಿ ಆಟಗಾರನ ಹಳೆಯ ಒಪ್ಪಂದವೆಂದರೆ ನೌಕರಿ. ಸೈನ್ಯ, ರೈಲ್ವೆ, ಪೊಲೀಸು, ವಿಮಾನ ಸಂಸ್ಥೆ, ಬ್ಯಾಂಕು ಇವೇ ತಂಡ ಕಟ್ಟುತ್ತಿದ್ದವು. ಹುಡುಗ ಚೆನ್ನಾಗಿ ಆಡಿದರೆ ಒಂದು ಹುದ್ದೆ, ಇನ್ನೂ ಚೆನ್ನಾಗಿ ಆಡಿದರೆ ಬಡ್ತಿ. ಇಲಾಖೆಯಿಂದ ಇಲಾಖೆಗೆ ಜಿಗಿದರೆ ಅದೇ ವರ್ಗಾವಣೆ. ಮಧ್ಯಪ್ರದೇಶದ ಮ್ಹೌ ಊರಿನ ಶಂಕರ್ ಲಕ್ಷ್ಮಣ್ ಹೀಗೆ ಬೆಳೆದವರು. ಸೈನ್ಯದ ಬ್ಯಾಂಡಿಗೆ ಸೇರಿ, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ದುಡಿದು, ಕ್ಯಾಪ್ಟನ್ ಹುದ್ದೆಯವರೆಗೆ ಏರಿದರು. ಆ ಪಡೆಯ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಲಕ್ಷ್ಮಣ್ 1956, 1960, 1964ರ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತದ ಗೋಲು ಕಾದರು. ಎರಡು ಚಿನ್ನ, ಒಂದು ಬೆಳ್ಳಿ. ಟೋಕಿಯೋದ ಫೈನಲ್ಲಿನಲ್ಲಿ ಪಾಕಿಸ್ತಾನದ ಎದುರು ಗೆದ್ದದ್ದು 1-0 ಅಂತರದಲ್ಲಿ. ಹೊಡೆದದ್ದು ಒಂದೇ ಗೋಲು ಎಂದಮೇಲೆ ಆ ಚಿನ್ನದಲ್ಲಿ ಕಾದವನ ಪಾಲು ಎಷ್ಟೆಂದು ಲೆಕ್ಕ ಹಾಕಿ. 1966ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಚಿನ್ನ ತಂದ ತಂಡಕ್ಕೆ ಅವರೇ ನಾಯಕರು. 2006ರಲ್ಲಿ ಗ್ಯಾಂಗ್ರೀನ್‌ನಿಂದ ನರಳಿ, ಕಷ್ಟದಲ್ಲೇ ಮ್ಹೌದಲ್ಲಿ ತೀರಿಕೊಂಡರು. ಇದನ್ನು ಬರೆಯುವಾಗ ಪ್ರತಿಸಲವೂ ನನ್ನ ಕೈ ತಡೆಯುತ್ತದೆ.

ಗೋಲ್‌ಕೀಪರ್ ಎಷ್ಟು ಮುಖ್ಯ ಎನ್ನುವುದು ಲೋಕಕ್ಕೆ ಗೊತ್ತಾದದ್ದು, ನನ್ನ ಓದಿನ ಪ್ರಕಾರ, ಹುಲ್ಲಿನ ಹಾಕಿಯಲ್ಲಲ್ಲ, ಕೆನಡಾ-ಅಮೆರಿಕದ ಐಸ್ ಹಾಕಿಯಲ್ಲಿ. ಅದೂ ಒಂದು ಗಾಯದಿಂದ.

1959ರ ನವೆಂಬರ್ 1. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲಿನಲ್ಲಿ ಜಾಕ್ ಪ್ಲಾಂಟ್. ಆಗಿನ ಗೋಲ್‌ಕೀಪರುಗಳ ಮೈಗೆಲ್ಲ ರಕ್ಷಣೆ ಇತ್ತು, ಮುಖ ಮಾತ್ರ ಬತ್ತಲೆ. ಎದುರಾಳಿ ಆಂಡಿ ಬಾಥ್‌ಗೇಟ್ ಹೊಡೆದ ಪಕ್, ಅಂದರೆ ಗಟ್ಟಿ ರಬ್ಬರಿನ ಬಿಲ್ಲೆ, ಪ್ಲಾಂಟ್ ಮುಖಕ್ಕೆ ಬಡಿದು ರಕ್ತ ಹರಿಯಿತು. ಒಳಗೆ ಕರೆದೊಯ್ದು ಹೊಲಿಗೆ ಹಾಕಿದರು.

ಪ್ಲಾಂಟ್ ಬಳಿ ಫೈಬರ್‌ಗ್ಲಾಸಿನ ಒಂದು ಮುಖವಾಡ ಇತ್ತು. ಫೈಬರ್‌ಗ್ಲಾಸ್ ಕಂಪನಿಯ ಬಿಲ್ ಬರ್ಚ್‌ಮೋರ್ ಎಂಬವರು ಹಿಂದಿನ ವರ್ಷ ಪ್ಲಾಂಟ್ ಪೆಟ್ಟು ತಿಂದದ್ದನ್ನು ಕಂಡು, ಮುಖದ ಅಚ್ಚಿನ ಮೇಲೆ ಒಂದನ್ನು ಮಾಡಬಹುದೆಂದು ಕಾಗದ ಬರೆದಿದ್ದರು. ಹಾಗೆ ಬಂದ ವಸ್ತು ಅದು. ಅಭ್ಯಾಸದಲ್ಲಿ ಹಾಕಿಕೊಳ್ಳಲು ಕೋಚ್ ಟೋ ಬ್ಲೇಕ್ ಒಪ್ಪಿದ್ದರು, ಪಂದ್ಯದಲ್ಲಿ ಮಾತ್ರ ಬೇಡ ಎಂದಿದ್ದರು. ಮುಖವಾಡ ಹಾಕಿದವನಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಅದೂ ಅಲ್ಲದೆ ಅದು ಹೆದರಿಕೆಯ ಗುರುತು ಎಂಬ ನಂಬಿಕೆ ಆಗ ಬಲವಾಗಿತ್ತು. 1930ರಲ್ಲೇ ಕ್ಲಿಂಟ್ ಬೆನೆಡಿಕ್ಟ್ ಎಂಬ ಗೋಲ್‌ಕೀಪರ್ ಚರ್ಮದ ಮುಖವಾಡ ತೊಟ್ಟಿದ್ದರೂ ಅದು ಕೆಲವೇ ಪಂದ್ಯಗಳಿಗೆ ನಿಂತುಹೋಗಿತ್ತು.

ಆ ರಾತ್ರಿ ಪ್ಲಾಂಟ್ ಒಂದೇ ಮಾತು ಹಿಡಿದರು: ಮುಖವಾಡ ಇದ್ದರೆ ಮಾತ್ರ ಮತ್ತೆ ಗೋಲಿಗೆ ಹೋಗುತ್ತೇನೆ. ಬ್ಲೇಕ್ ಬಗ್ಗಬೇಕಾಯಿತು. ಯಾಕೆಂದರೆ ಅವರ ತಂಡದಲ್ಲಿ ಎರಡನೆಯ ಗೋಲ್‌ಕೀಪರ್ ಇರಲಿಲ್ಲ! ಆಗ ತಂಡಗಳು ಪಂದ್ಯಕ್ಕೆ ಒಬ್ಬನೇ ಗೋಲ್‌ಕೀಪರನನ್ನು ಕರೆದೊಯ್ಯುತ್ತಿದ್ದವು. ಆತನಿಗೆ ಪೆಟ್ಟಾದರೆ ಆ ಮೈದಾನದವರು ಒದಗಿಸುವ ಯಾರೋ ಹವ್ಯಾಸಿಯೇ ಗತಿ. ದುಡ್ಡು ಉಳಿಸಲೆಂದು ಬಿಟ್ಟಿದ್ದ ಆ ಒಂದು ಖಾಲಿ ಜಾಗವೇ ಮುಖವಾಡವನ್ನು ಆಟದೊಳಕ್ಕೆ ತಂದಿತು. ಬೆಂಚಿನ ಮೇಲೆ ಇನ್ನೊಬ್ಬ ಕೂತಿದ್ದರೆ ಪ್ಲಾಂಟ್ ಆಸ್ಪತ್ರೆಗೆ ಹೋಗುತ್ತಿದ್ದರು, ಮುಖವಾಡ ಮತ್ತೆ ಚೀಲ ಸೇರುತ್ತಿತ್ತು.

ಮಾಂಟ್ರಿಯಲ್ 3-1ರಿಂದ ಗೆದ್ದಿತು. ಮುಂದೆ ಸಾಲಾಗಿ 18 ಪಂದ್ಯಗಳಲ್ಲಿ ಸೋಲಲಿಲ್ಲ. ಗಾಯ ಮಾಗಿದ ಮೇಲೆ 1960ರ ಮಾರ್ಚಿನಲ್ಲಿ ಕೋಚ್ ಮಾತಿಗೆ ಪ್ಲಾಂಟ್ ಒಮ್ಮೆ ಮುಖವಾಡ ತೆಗೆದು ಆಡಿದರು, ಡೆಟ್ರಾಯಿಟ್ ಎದುರು ತಂಡ 3-0ರಿಂದ ಸೋತಿತು. ಅಲ್ಲಿಗೆ ವಾದ ಮುಗಿಯಿತು. 1965ರ ಹೊತ್ತಿಗೆ ಪ್ರತಿ ತಂಡವೂ ಇಬ್ಬರು ಗೋಲ್‌ಕೀಪರುಗಳನ್ನು ಸಜ್ಜಾಗಿಡಬೇಕು ಎಂಬ ನಿಯಮವೂ ಬಂದಿತು.

ಮಾಂಟ್ರಿಯಲ್ ಆಡುವ ಅದೇ ಐಸ್ ಹಾಕಿ ಲೀಗಿನಲ್ಲಿ ಇನ್ನೊಂದು ಪಾಠ ಸಿಕ್ಕಿದ್ದು ಬಹಳ ತಡವಾಗಿ, ಬಹಳ ದುಬಾರಿಯಾಗಿ. ಸಂಬಳದ ಜಗಳದಲ್ಲಿ 2004-05ರ ಇಡೀ ಋತುವೇ ರದ್ದಾಯಿತು. ಆಮೇಲೆ ಒಂದು ತಂಡ ಆಟಗಾರರ ಮೇಲೆ ವರ್ಷಕ್ಕೆ 3.9 ಕೋಟಿ ಡಾಲರಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಎಂಬ ಮಿತಿ ಹಾಕಿದರು. ತಂಡ ಕಟ್ಟುವುದು ಆಗ ಶ್ರೀಮಂತಿಕೆಯ ಮಾತಾಗಿ ಉಳಿಯಲಿಲ್ಲ, ಲೆಕ್ಕದ ಮಾತಾಯಿತು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ. ನಮ್ಮ ನಾಟಕ ಕಂಪನಿಯ ಮಾಲಕರಿಗೆ ಈ ಲೆಕ್ಕ ಹೊಸತಲ್ಲ. ಹೆಸರಾದ ಹಾಸ್ಯ ನಟನಿಗೆ ಮುಂಗಡ ಸುರಿದರೆ ಹಾರ್ಮೋನಿಯಂ ಮಾಸ್ತರಿಗೆ ಏನು ಕೊಡುವುದು ಎಂಬ ಪ್ರಶ್ನೆ ಪ್ರತಿ ಕ್ಯಾಂಪಿನಲ್ಲೂ ಏಳುತ್ತದೆ.

ಮತ್ತೆ ನಮ್ಮ ನಾಡಿಗೆ ಬರೋಣ. 1998ರ ಡಿಸೆಂಬರ್, ಮತ್ತದೇ ಬ್ಯಾಂಕಾಕ್. ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ ಭಾರತ ಮತ್ತು ದಕ್ಷಿಣ ಕೊರಿಯಾ 1-1. ಟೈಬ್ರೇಕರಿನಲ್ಲಿ ಬೆಂಗಳೂರಿನ ಆಶಿಶ್ ಬಲ್ಲಾಳ ಎರಡು ಸ್ಟ್ರೋಕ್‌ಗಳನ್ನು ತಡೆದರು. 32 ವರ್ಷಗಳ ನಂತರ ಚಿನ್ನ ಬಂತು. ಶಂಕರ್ ಲಕ್ಷ್ಮಣ್ ಗೆದ್ದ ಊರಿನಲ್ಲೇ ಇನ್ನೊಬ್ಬ ಗೋಲ್‌ಕೀಪರ್ ಗೆಲ್ಲಿಸಿಕೊಟ್ಟರು. ಆದರೆ ಆ ಸಂಭ್ರಮ ಆರುವ ಮುನ್ನವೇ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ ಸೇರಿದಂತೆ ಹಿರಿಯ ಆಟಗಾರರನ್ನು ತಂಡದಿಂದ ಕೈಬಿಟ್ಟರು. ಆಟಗಾರನಿಗೂ ಒಕ್ಕೂಟಕ್ಕೂ ನಡುವೆ ಕಾಗದವಿಲ್ಲ, ಅವಧಿಯಿಲ್ಲ, ದರವಿಲ್ಲ. ಟವೆಲ್ಲು ಇನ್ನೂ ಕೈ ಮೇಲೇ ಇತ್ತು.

ಅದು ಸರಿಯತೊಡಗಿದ್ದು ಕ್ರಿಕೆಟ್ಟಿನಿಂದ. 2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ಐಪಿಎಲ್ ಆಟಗಾರರನ್ನು ಎಲ್ಲರೆದುರು ಕೂಗಿ ಹರಾಜು ಹಾಕಿತು. ಮನುಷ್ಯರನ್ನು ಹರಾಜು ಹಾಕುವುದೇ ಎಂದು ನಮ್ಮ ಹಿರಿಯರು ಮುಖ ಸಿಂಡರಿಸಿದ್ದರು. ನನಗೂ ಆಗ ಹಾಗೇ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ದರ ಕೂಗಿ ಹೇಳಿದಾಗ ಆಟಗಾರನಿಗೂ ಅದು ಕೇಳಿಸುತ್ತದೆ.

ಹಾಕಿಯಲ್ಲಿ 2005ರಿಂದ 2008ರವರೆಗೆ ಪ್ರೀಮಿಯರ್ ಹಾಕಿ ಲೀಗ್ ನಡೆದು ನಿಂತಿತ್ತು. 2012ರಲ್ಲಿ ಎಂಟು ತಂಡಗಳ ವರ್ಲ್ಡ್ ಸೀರೀಸ್ ಹಾಕಿ ಬಂದು ಒಂದೇ ವರ್ಷಕ್ಕೆ ಹೋಯಿತು. ಅದರಲ್ಲಿ ಕರ್ನಾಟಕ ಲಯನ್ಸ್ ಎಂಬ ತಂಡವಿತ್ತು, ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ನಾಯಕ. ಅದೇ ವರ್ಷದ ಡಿಸೆಂಬರ್ 16ರಂದು ಹಾಕಿ ಇಂಡಿಯಾ ಲೀಗಿನ ಮೊದಲ ಹರಾಜು ದೆಹಲಿಯಲ್ಲಿ ನಡೆಯಿತು. ತಂಡಗಳು ಐದು, ಎಲ್ಲರ ಚೀಲಕ್ಕೂ ಒಂದೇ ಮಿತಿ. ಸರ್ದಾರ್ ಸಿಂಗ್ 78,000 ಡಾಲರಿಗೆ ದೆಹಲಿಗೆ ಹೋದರು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿನಲ್ಲಿ ಎಳೆದು ಎಸೆಯುವ, ಅಂದರೆ ಡ್ರ್ಯಾಗ್ ಫ್ಲಿಕ್ ಹೊಡೆಯುವ, ನಮ್ಮ ಕೊಡಗಿನ ವಿ. ಆರ್. ರಘುನಾಥ್ 76,000 ಡಾಲರಿಗೆ ಉತ್ತರ ಪ್ರದೇಶಕ್ಕೆ. ಪಿ. ಆರ್. ಶ್ರೀಜೇಶ್ ಎಂಬ ಕೇರಳದ ಗೋಲ್‌ಕೀಪರನನ್ನು ಮುಂಬೈ ಕೊಂಡದ್ದು 38,000ಕ್ಕೆ, ಸರ್ದಾರ್ ದರದ ಅರ್ಧವೂ ಅಲ್ಲ.

ಅಂದಿನ ಲೆಕ್ಕಾಚಾರಕ್ಕೆ ಬೇಗನೇ ಏಟು ಬಿತ್ತು. 2013ರ ಜನವರಿಯಲ್ಲಿ ಲೀಗ್ ಶುರುವಾದಾಗಲೇ ಗಡಿಯ ಉದ್ವೇಗದಿಂದ 9 ಪಾಕಿಸ್ತಾನಿ ಆಟಗಾರರನ್ನು ವಾಪಸು ಕಳಿಸಬೇಕಾಯಿತು. ಕಾಗದದ ಮೇಲೆ ಕಟ್ಟಿದ ತಂಡ ಮೈದಾನದಲ್ಲಿ ಬೇರೆಯಾಯಿತು.

2017ರ ಬಳಿಕ ಲೀಗ್ ಏಳು ವರ್ಷ ಮಲಗಿ, 2024ರ ಅಕ್ಟೋಬರಿನಲ್ಲಿ ಮತ್ತೆ ಹರಾಜಿಗೆ ಎದ್ದಿತು. ಪುರುಷರ ಪ್ರತಿ ತಂಡಕ್ಕೆ 4 ಕೋಟಿ ರೂಪಾಯಿ, ತುಂಬಬೇಕಾದ ಜಾಗ 24. ಸರಾಸರಿ ತೆಗೆದರೆ ತಲೆಗೆ ಹದಿನಾರೂವರೆ ಲಕ್ಷದ ಆಸುಪಾಸು. ಹರ್ಮನ್‌ಪ್ರೀತ್ ಸಿಂಗ್ ಅವರಿಗೆ ಸೂರ್ಮಾ ತಂಡ 78 ಲಕ್ಷ ಕೂಗಿತು, ಅಂದರೆ ಚೀಲದ ಐದನೇ ಒಂದು ಪಾಲು ಒಬ್ಬನಿಗೇ. ಡ್ರ್ಯಾಗ್ ಫ್ಲಿಕ್ ಹೊಡೆಯುವ ಗೊಂಜಾಲೊ ಪೆಯ್ಯಾಟ್‌ಗೆ ಹೈದರಾಬಾದ್ 68 ಲಕ್ಷ ಕೊಟ್ಟಿತು. ಗೋಲ್‌ಕೀಪರುಗಳತ್ತ ತಿರುಗಿ. ಐರ್ಲೆಂಡಿನ ಡೇವಿಡ್ ಹಾರ್ಟ್, ಲೋಕದ ದೊಡ್ಡ ಗೋಲ್‌ಕೀಪರುಗಳಲ್ಲಿ ಒಬ್ಬರು, ತಮಿಳುನಾಡಿಗೆ 32 ಲಕ್ಷಕ್ಕೆ. ಸೂರಜ್ ಕರ್ಕೇರಾ 22 ಲಕ್ಷಕ್ಕೆ.

ಇದು ಸರಿಯಾದ ದರವೇ? ನನ್ನ ತೀರ್ಮಾನ, ಅಲ್ಲ. ಹಾಕಿ ಪಂದ್ಯ 60 ನಿಮಿಷ. ಮೈದಾನದ ಆಟಗಾರರು ಸರದಿಯ ಮೇಲೆ ಹೊರಗೆ ಬಂದು ದಣಿವಾರಿಸಿಕೊಂಡು ಹೋಗುತ್ತಾರೆ. ಗೋಲ್‌ಕೀಪರ್ ಸಾಮಾನ್ಯವಾಗಿ ಕೊನೆಯವರೆಗೆ ಅಲ್ಲೇ. ಅವನು ಕಾಯುವುದು 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಚೌಕಟ್ಟನ್ನು, ಎದುರಿಗೆ ಬರುವ ಫ್ಲಿಕ್ಕಿನ ವೇಗ ಗಂಟೆಗೆ 100 ಕಿಲೋಮೀಟರಿಗೂ ಮೇಲೆ. ಜೊತೆಗೆ ಪಂದ್ಯ ಸಮವಾದರೆ ಈಗ ಹಳೆಯ ಸ್ಟ್ರೋಕ್ ಇಲ್ಲ. ಹೊಡೆಯುವವನು 23 ಮೀಟರ್ ಗೆರೆಯಿಂದ ಚೆಂಡು ತಳ್ಳಿಕೊಂಡು ಬಂದು 8 ಸೆಕೆಂಡಿನಲ್ಲಿ ಗೋಲು ಮಾಡಬೇಕು. ಆ 8 ಸೆಕೆಂಡು ಗೋಲ್‌ಕೀಪರಿಗೂ ಅವಕಾಶವೇ: ಮುಂದೆ ನುಗ್ಗಬಹುದು, ದಾರಿ ಕಟ್ಟಬಹುದು. 2024ರ ಆಗಸ್ಟ್ 4ರಂದು ಪ್ಯಾರಿಸ್ಸಿನಲ್ಲಿ ಹೀಗೇ ಆಯಿತು. 17ನೇ ನಿಮಿಷದಲ್ಲಿ ಒಬ್ಬ ಆಟಗಾರನನ್ನು ಕಳೆದುಕೊಂಡ ಭಾರತ ಹತ್ತೇ ಜನರಿಂದ ಬ್ರಿಟನ್ನನ್ನು 1-1ಕ್ಕೆ ಹಿಡಿದು, ಶೂಟ್‌ಔಟಿನಲ್ಲಿ 4-2ರಿಂದ ಗೆದ್ದಿತು. ಗೋಲಿನಲ್ಲಿ ಶ್ರೀಜೇಶ್. ಹರಾಜಿಗೆ ಎರಡೇ ತಿಂಗಳ ಹಿಂದಿನ ಮಾತಿದು.

ಇನ್ನೊಂದು ಕಡೆಯ ವಾದವೂ ಇದೆ, ಅದರಲ್ಲಿ ಹುರುಳಿದೆ. ಪ್ಲಾಂಟ್ ಆಡಿದ್ದ ಅದೇ ಮಾಂಟ್ರಿಯಲ್ 2017ರಲ್ಲಿ ಗೋಲ್‌ಕೀಪರ್ ಕ್ಯಾರಿ ಪ್ರೈಸ್ ಜೊತೆ 8 ವರ್ಷಕ್ಕೆ 8.4 ಕೋಟಿ ಡಾಲರಿನ ಒಪ್ಪಂದ ಬರೆಯಿತು. 2021ರಲ್ಲಿ ಪ್ರೈಸ್ ತಂಡವನ್ನು ಫೈನಲ್ಲಿಗೆ ಒಯ್ದರು. ಆಮೇಲೆ ಮಂಡಿ ಕೈಕೊಟ್ಟಿತು, ಮರು ಋತುವಿನಲ್ಲಿ 5 ಪಂದ್ಯ ಆಡಿ ನಿಂತರು. ಒಪ್ಪಂದ ಮಾತ್ರ ಲೆಕ್ಕದ ಪುಸ್ತಕದಲ್ಲಿ ಕೂತೇ ಇತ್ತು. ಕೊನೆಗೆ 2025ರಲ್ಲಿ ಅದನ್ನು ಸ್ಯಾನ್ ಹೋಸೆ ತಂಡಕ್ಕೆ ದಾಟಿಸಿದರು. ಮಂಡಿಯ ಮೇಲೆ ನಿಂತ ಕಸುಬಿಗೆ ಎಂಟು ವರ್ಷದ ಕರಾರು ಅಪಾಯವೇ. ಆದರೆ ನಮ್ಮ ಹರಾಜಿನ ಅವಧಿ ಅಷ್ಟು ಉದ್ದವಿಲ್ಲ. ಆ ಹೆದರಿಕೆ ಇಲ್ಲಿ ಹೊಂದುವುದಿಲ್ಲ.

ದರ ಕಡಿಮೆಯಾಗಲು ನನಗೆ ಕಾಣುವ ಕಾರಣ ಸರಳ. ಹೊಡೆದ ಗೋಲು ಫಲಕದ ಮೇಲೆ ಬೀಳುತ್ತದೆ, ತಡೆದ ಗೋಲು ಬೀಳುವುದಿಲ್ಲ. ಫಲಕ ನೋಡಿ ಕೂಗುವವರ ಕಣ್ಣಿಗೆ ಗೋಲ್‌ಕೀಪರ್ ಸಿಗುವುದು ಸೋತ ದಿನ ಮಾತ್ರ.

ಶ್ರೀಜೇಶ್ ಕತೆಯನ್ನು ದನದ ಜಾತ್ರೆಯ ನಮ್ಮವರಿಗೆ ಹೇಳದೆ ಇರಲಾರೆ. ತಿರುವನಂತಪುರದ ಕ್ರೀಡಾಶಾಲೆಯಲ್ಲಿ ಅವರು ಗೋಲ್‌ಕೀಪಿಂಗಿಗೆ ಇಳಿದಾಗ ಪ್ಯಾಡು, ಹೆಲ್ಮೆಟ್ಟು, ಕೈಗವಸು ಎಲ್ಲ ಬೇಕಾಯಿತು. ರೈತರಾದ ಅಪ್ಪ ಮನೆಯ ಹಸು ಮಾರಿ ಕಿಟ್ ಕೊಡಿಸಿದರು. ಮುಂದೆ ಆಡುವ ಹುಡುಗನಿಗೆ ಒಂದು ಕೋಲು ಸಾಕು, ಗೋಲ್‌ಕೀಪರನ ಮನೆಯಿಂದ ಹಸುವೇ ಹೋಗಬೇಕು. ಆ ಹಸುವಿನ ದರವೂ ಸೇರಿಸಿ ಅವರ ಬೆಲೆ ಕಟ್ಟಿದವರು ಯಾರೂ ಇಲ್ಲ. ಅವರು ಎರಡು ಒಲಿಂಪಿಕ್ ಕಂಚು ತಂದು 2024ರಲ್ಲಿ ನಿವೃತ್ತರಾದರು.

2024ರ ಹರಾಜಿನ ಎಂಟು ಪುರುಷ ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಬಲ್ಲಾಳರ ನಾಡು, ಎ. ಬಿ. ಸುಬ್ಬಯ್ಯನವರಂಥ ಗೋಲ್‌ಕೀಪರನನ್ನು ಕೊಟ್ಟ ಕೊಡಗಿನ ನಾಡು ಇದು. ಬಾದಾಮಿಯಿಂದ ರೈಲು ಹಿಡಿದರೆ ಹತ್ತಿರದಲ್ಲೇ ಗದಗ, ಅಲ್ಲಿ ಹಾಕಿ ಕೋಲು ಹಿಡಿದ ಮಕ್ಕಳನ್ನು ಇಂದಿಗೂ ಕಾಣಬಹುದು. ತಂಡ ಬರಲಿ, ಬಿಡಲಿ, ಶಾಲೆಗಳಲ್ಲಿ ಹಾಕಿ ಕಲಿಸುವ ಗುರುಗಳಲ್ಲಿ, ಊರಿನ ದಾನಿಗಳಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ಮಕ್ಕಳಿಗೆ ಹಾಕಿ ಸಾಮಾನು ಕೊಡಿಸುವುದಾದರೆ ಹನ್ನೊಂದು ಕೋಲಿಗಿಂತ ಮೊದಲು ಒಂದು ಗೋಲ್‌ಕೀಪರ್ ಕಿಟ್ ಕೊಳ್ಳಿ, ಅಳತೆಗೆ ಸರಿಯಾದ ಹೆಲ್ಮೆಟ್ ಸಮೇತ.