ಆರೋಗ್ಯ ಸಂಸ್ಥೆಗಳಲ್ಲಿ ಅನುಪಯುಕ್ತ ಔಷಧಗಳ ಹಿಂತಿರುಗಿಸುವಿಕೆ ಮತ್ತು ಸುರಕ್ಷಿತ ವಿಲೇವಾರಿ

ಅವಧಿ ಮೀರಿದ, ಹಾಳಾದ ಅಥವಾ ಚಿಕಿತ್ಸೆಯ ನಂತರ ಉಳಿದ ಔಷಧಗಳನ್ನು ಸಾಮಾನ್ಯ ಕಸದೊಡನೆ ಬಿಸಾಡುವುದು ಅಪಾಯಕಾರಿ. ಇಂತಹ ಮಾತ್ರೆಗಳು ಮಕ್ಕಳ ಕೈಸೇರಬಹುದು. ಕಸದಿಂದ ಆಯ್ದ ಔಷಧಗಳು ಪುನಃ ಮಾರಾಟವಾಗಬಹುದು. ಚರಂಡಿ ಸೇರಿದ ಪ್ರತಿಜೀವಕಗಳು ಔಷಧಕ್ಕೆ ಬಗ್ಗದ ರೋಗಾಣುಗಳ ಬೆಳವಣಿಗೆಗೆ ಕಾರಣವಾಗುತ್ತವೆ. ಆದುದರಿಂದ ಆಸ್ಪತ್ರೆಗಳು, ಚಿಕಿತ್ಸಾಲಯಗಳು ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಅವಧಿಯನ್ನು ತಿಳಿಯುವ ಬಗೆ

ಪೊಟ್ಟಣದ ಮೇಲೆ ತಿಂಗಳು ಮತ್ತು ವರ್ಷ ಮಾತ್ರ ನಮೂದಾಗಿದ್ದಲ್ಲಿ, ಸದರಿ ತಿಂಗಳಿನ ಕೊನೆಯ ದಿನದವರೆಗೆ ಆ ಔಷಧವನ್ನು ಬಳಸಬಹುದು. ತದನಂತರ ಅದನ್ನು ಮಾರುವಂತಿಲ್ಲ. ಮೊಹರು ಒಡೆದ, ಬಣ್ಣ ಬದಲಾದ ಅಥವಾ ಶೀತಲ ವ್ಯವಸ್ಥೆ ತಪ್ಪಿದ ಔಷಧಗಳ ಅವಧಿ ಉಳಿದಿದ್ದರೂ ಅವುಗಳನ್ನು ಬಳಸಕೂಡದು.

ಆರೋಗ್ಯ ಸಂಸ್ಥೆಗಳು ಅನುಸರಿಸಬೇಕಾದ ಕ್ರಮ

1. ಹಿಂತಿರುಗಿಸಲು ಇರಿಸಿದ ಅವಧಿ ಮೀರಿದ ಔಷಧಗಳನ್ನು ಮಾರಾಟದ ದಾಸ್ತಾನಿನಿಂದ ಬೇರ್ಪಡಿಸಿ, ಪೆಟ್ಟಿಗೆಯ ಮೇಲೆ 'ಮಾರಾಟಕ್ಕಲ್ಲ' ಎಂದು ಎದ್ದುಕಾಣುವಂತೆ ಬರೆಯತಕ್ಕದ್ದು.

2. ಔಷಧದ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಪ್ರಮಾಣವನ್ನು ವಹಿಯಲ್ಲಿ ದಾಖಲಿಸಿ, ತಯಾರಕರಿಗೆ ಹಿಂತಿರುಗಿಸಬಹುದು. ಸ್ವೀಕೃತಿ ಪತ್ರವನ್ನು ಪಡೆದು ಕಡತದಲ್ಲಿ ಇರಿಸುವುದು ಸೂಕ್ತ.

3. ಹಿಂತಿರುಗಿಸಲಾಗದವುಗಳನ್ನು ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಅನುಸಾರ ಹಳದಿ ಬಣ್ಣದ ಚೀಲ ಅಥವಾ ಡಬ್ಬಿಗಳಲ್ಲಿ ಸಂಗ್ರಹಿಸಿ, ಬಾರ್ ಕೋಡ್ ಅಂಟಿಸಿ, ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ದಹನಕ್ಕಾಗಿ ಒಪ್ಪಿಸತಕ್ಕದ್ದು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಳಿಗಿಂತ ಹೆಚ್ಚು ಕಾಲ ಇರಿಸುವಂತಿಲ್ಲ.

4. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಕೋಶನಾಶಕ ಔಷಧಗಳು ಹಾಗೂ ಅವು ತಗುಲಿದ ಸೀಸೆಗಳನ್ನು ಪ್ರತ್ಯೇಕವಾಗಿ ಇರಿಸತಕ್ಕದ್ದು. ಇವುಗಳನ್ನು 1200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ದಹಿಸಬೇಕಾಗುತ್ತದೆ. ಕಡಿಮೆ ಉಷ್ಣಾಂಶದಲ್ಲಿ ಅಥವಾ ಬಯಲಿನಲ್ಲಿ ಸುಟ್ಟಲ್ಲಿ ವಿಷಕಾರಿ ಅಂಶಗಳು ಗಾಳಿಗೆ ಸೇರುತ್ತವೆ.

5. ಬಳಸಿದ ಸೂಜಿಗಳನ್ನು ಔಷಧಗಳೊಡನೆ ಬೆರೆಸದೆ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯಲ್ಲಿ ಹಾಕತಕ್ಕದ್ದು.

ಮಾರ್ಫಿನ್ ಮುಂತಾದ ಔಷಧಗಳು ಮಾದಕ ದ್ರವ್ಯಗಳು ಮತ್ತು ಮನಃಪರಿಣಾಮಕಾರಿ ಪದಾರ್ಥಗಳ ಅಧಿನಿಯಮ, 1985ಕ್ಕೆ ಒಳಪಟ್ಟಿರುವುದರಿಂದ ಅವುಗಳಿಗೆ ಪ್ರತ್ಯೇಕ ಲೆಕ್ಕವಿರಬೇಕು.

ಅಧಿಕಾರಪತ್ರ ಮತ್ತು ದಾಖಲೆಗಳು

ಹಾಸಿಗೆಗಳ ಸಂಖ್ಯೆ ಎಷ್ಟೇ ಇರಲಿ, ಪ್ರತಿಯೊಂದು ಆರೋಗ್ಯ ಸಂಸ್ಥೆಯೂ ನಮೂನೆ-2ರಲ್ಲಿ ಅರ್ಜಿ ಸಲ್ಲಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರಪತ್ರ ಪಡೆಯತಕ್ಕದ್ದು. ವಾರ್ಷಿಕ ವರದಿಯನ್ನು ನಮೂನೆ-4ರಲ್ಲಿ ಪ್ರತಿ ವರ್ಷ ಜೂನ್ 30ರೊಳಗೆ ಸಲ್ಲಿಸತಕ್ಕದ್ದು. ದಾಖಲೆಗಳನ್ನು 5 ವರ್ಷಗಳ ಕಾಲ ಕಾಯ್ದಿರಿಸತಕ್ಕದ್ದು.

ರೋಗಿಗಳು ಮತ್ತು ಕುಟುಂಬದವರು ಗಮನಿಸಬೇಕಾದ ಅಂಶಗಳು

ಒಳರೋಗಿಗೆ ನೀಡಿ ಉಳಿದ ಔಷಧಗಳನ್ನು ವಾರ್ಡಿನ ಶುಶ್ರೂಷಕರಿಗೆ ಹಿಂತಿರುಗಿಸಬೇಕು. ಮನೆಯಲ್ಲಿ ಇರಿಸಿದ್ದ ಔಷಧವನ್ನು ಮತ್ತೊಬ್ಬ ರೋಗಿಗೆ ಕೊಡಬಾರದು. ಅದನ್ನು ಇರಿಸಿದ ಉಷ್ಣಾಂಶ ಮತ್ತು ತೇವಾಂಶದ ಬಗ್ಗೆ ಖಾತರಿ ಇರುವುದಿಲ್ಲ. ಆಸ್ಪತ್ರೆ ಅಥವಾ ಔಷಧ ಅಂಗಡಿಯಲ್ಲಿ ಹಿಂಪಡೆಯುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಬೇಕು. ಇಲ್ಲವಾದಲ್ಲಿ ಹಸಿ ಮತ್ತು ಒಣ ಕಸದಿಂದ ಬೇರ್ಪಡಿಸಿ, ಸ್ಥಳೀಯ ಸಂಸ್ಥೆಯ ಸಂಗ್ರಹಣಾ ವ್ಯವಸ್ಥೆಗೆ ಒಪ್ಪಿಸಬೇಕು.

ನೆರೆಯ ಕೇರಳ ರಾಜ್ಯದಲ್ಲಿ 2025ರಲ್ಲಿ 'ಎನ್‌ಪ್ರೌಡ್' ಎಂಬ ಹೆಸರಿನಲ್ಲಿ ಮನೆಗಳ ಅನುಪಯುಕ್ತ ಔಷಧಗಳನ್ನು ಸಂಗ್ರಹಿಸುವ ಯೋಜನೆ ಆರಂಭಗೊಂಡಿತು.

ಔಷಧಗಳನ್ನು ಶೌಚಾಲಯಕ್ಕೆ ಸುರಿಯಬಾರದೆಂಬುದು ಸಾಮಾನ್ಯ ನಿಯಮ. ಆದರೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು 2025ರ ಮಾರ್ಗಸೂಚಿಯಲ್ಲಿ ಮಾರ್ಫಿನ್, ಫೆಂಟನಿಲ್, ಟ್ರಾಮಡಾಲ್ ಸೇರಿದಂತೆ 17 ಔಷಧಗಳಿಗೆ ವಿನಾಯಿತಿ ನೀಡಿ, ಅವುಗಳನ್ನು ನೀರಿನೊಡನೆ ಹರಿಯಬಿಡಲು ಸೂಚಿಸಿದೆ. ಇವು ಅನ್ಯರ ಕೈಸೇರಿದಲ್ಲಿ ಒಂದೇ ಪ್ರಮಾಣವೂ ಪ್ರಾಣಾಪಾಯ ತರಬಹುದೆಂಬುದೇ ಇದಕ್ಕೆ ಕಾರಣ. ಉಪಶಾಮಕ ಆರೈಕೆಯಲ್ಲಿದ್ದ ರೋಗಿಯು ಮೃತಪಟ್ಟ ಮನೆಗಳಲ್ಲಿ ಇಂತಹ ಔಷಧ ಉಳಿದಿರುವುದು ಸಾಮಾನ್ಯವಾದುದರಿಂದ, ಕುಟುಂಬದವರು ತಡಮಾಡದೆ ಚಿಕಿತ್ಸೆ ನೀಡಿದ ಆಸ್ಪತ್ರೆಯನ್ನು ಸಂಪರ್ಕಿಸಿ ಅದರ ಸಲಹೆಯಂತೆ ನಡೆದುಕೊಳ್ಳಬೇಕು.

ಮೇಲ್ಕಂಡ ಕ್ರಮಗಳನ್ನು ಪಾಲಿಸಿ ಸಾರ್ವಜನಿಕ ಆರೋಗ್ಯ ಹಾಗೂ ಪರಿಸರ ರಕ್ಷಣೆಗೆ ಸಹಕರಿಸಬೇಕೆಂದು ಕೋರಲಾಗಿದೆ.